ಹಿಟ್ಟು ಬಡಿಯುವ ಸದ್ದು

ನಮ್ಮ ಅಂಗಡಿಗೊಂದು ಬೋರ್ಡಿದೆ. ಅದನ್ನು ಓದಿ ಬಂದವರನ್ನು ನಾನಿನ್ನೂ ಕಂಡಿಲ್ಲ. ಜನ ಬರುವುದು ಸದ್ದು ಕೇಳಿ. ಒಳಗೆ ಧಬ್ ಧಬ್ ಎಂದು ಹಿಟ್ಟು ಬಡಿದರೆ ಸಾಕು, ಫುಡ್ ಕೋರ್ಟಿನ ಆ ತುದಿಯಲ್ಲಿ ಮೊಬೈಲ್ ನೋಡುತ್ತ ಕೂತವರೂ ಟ್ರೇ ಹಿಡಿದು ಎದ್ದು ಬರುತ್ತಾರೆ. ಬಡಿದ ಹಿಟ್ಟನ್ನು ನೂಡಲ್ಸ್ ಎಳೆಯಾಗಿ ಎಳೆದು, ಆ ಎಳೆಯನ್ನು ಕುದಿಯುವ ನೀರಿಗೆ ಬಿಟ್ಟು, ಬಟ್ಟಲಿಗೆ ಹಾಕಿ ಮೇಲೆ ಸಾರು ಸುರಿಯಲು ಹಾಡೊಂದು ಮುಗಿಯುವಷ್ಟು ಹೊತ್ತೂ ಬೇಡ. ಆ ಮೊದಲ ಬಟ್ಟಲುಗಳೇ ಎಲ್ಲರಿಗೂ ಬೇಕು. ತಣ್ಣಗಾದದ್ದನ್ನು ತಿನ್ನುವುದಾದರೆ ಮನೆಯಲ್ಲೇ ಇರಬಹುದಿತ್ತಲ್ಲ ಎನ್ನುತ್ತಾರೆ ದಿನಾ ಬರುವ ನಮ್ಮ ಟೀಚರಮ್ಮ.

ಅಂಗಡಿ ಎಂದರೆ ಅರಮನೆಯೇನಲ್ಲ. ಮುಂದೆ ನಾನು, ಒಲೆ, ಸಾರಿನ ಹಂಡೆ. ಹಿಂದೆ ನನ್ನ ತಂಗಿ, ಹಿಟ್ಟಿನ ಮೂಟೆಗಳು, ಅವಳು ಎರಡೂ ಕೈ ಚಾಚುವಷ್ಟು ಜಾಗ. ನಡುವೆ ಪ್ಲೈವುಡ್ಡಿನ ಗೋಡೆ. ಮೊದಲು ಆ ಗೋಡೆ ಇರಲಿಲ್ಲ. ಹಿಟ್ಟಿನ ಧೂಳು ಹಾರಿ ಗ್ಲಾಸುಗಳ ಮೇಲೆ ಕೂರುತ್ತದೆಂದು ಪಕ್ಕದ ಜ್ಯೂಸಿನವನು ಮೂಗು ಮುರಿದ, ಮ್ಯಾನೇಜರ್ ಬಂದು ಗೋಡೆ ಹಾಕಿಸಿ ಹೋದರು. ಬಟ್ಟಲು ದಾಟಿಸಲು ಒಂದು ಕಿಂಡಿ, ನಾನು ಬಗ್ಗಿ ಒಳಹೋಗಲು ಒಂದು ಗಿಡ್ಡ ಬಾಗಿಲು. ಆದರೆ ಅಪ್ಪನ ಕಾಲದ ಕರಿಕಲ್ಲಿನ ಚಪ್ಪಡಿಯನ್ನು ಕತ್ತರಿಸಲು ಮಾತ್ರ ನಾನು ಬಿಡಲಿಲ್ಲ. ಗೋಡೆ ಅದರ ಮೇಲೆಯೇ ನಿಂತಿತು. ಹಾಗಾಗಿ ಒಂದೇ ಕಲ್ಲು ಅರ್ಧ ಅವಳ ಕಡೆ, ಅರ್ಧ ನನ್ನ ಕಡೆ. ಅವಳು ಒಳಗೆ ಹಿಟ್ಟು ಬಡಿದರೆ ನನ್ನ ಕಡೆಯ ಸ್ಟೀಲ್ ಡಬ್ಬದಲ್ಲಿಟ್ಟ ಚಮಚಗಳು ಝಲ್ ಎನ್ನುತ್ತವೆ. ಧಬ್, ಝಲ್. ಧಬ್, ಝಲ್. ಚಿಕ್ಕಂದಿನಿಂದ ಕೇಳಿದ್ದರಿಂದ ಆ ಸದ್ದು ಇದೆ ಎನ್ನುವುದೂ ನನಗೆ ಮರೆತುಹೋಗಿರುತ್ತದೆ.

ಅಪ್ಪ ಇಬ್ಬರಿಗೂ ಕೆಲಸ ಕಲಿಸಿದ. ನನಗೆ ಬಂದದ್ದು ಬಡಿಯುವುದೊಂದೇ. ಎಳೆಯಲು ಹೋದರೆ ಮೂರನೆಯ ಮಡಿಕೆಗೇ ಹರಿದು ಕೈಗೆ ಬರುತ್ತದೆ. "ನಿನ್ನ ಕೈಯಲ್ಲಿ ಸಿಟ್ಟಿದೆ ಕಣೇ, ಹಿಟ್ಟಿಗೆ ಅದು ಗೊತ್ತಾಗುತ್ತೆ" ಎನ್ನುತ್ತಿದ್ದ. ಗುಬ್ಬಿಯ ಕೈ ಬೇರೆ. ಗುಬ್ಬಿ ಎಂದರೆ ನನ್ನ ತಂಗಿ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಹೆಸರು ಹಾಗೇ ಉಳಿಯಿತು. ಅವಳು ಹಿಟ್ಟಿನ ಹಗ್ಗವನ್ನು ಎರಡು ತುದಿ ಹಿಡಿದು ಗಾಳಿಯಲ್ಲಿ ಬಿಟ್ಟರೆ ಅದು ತಾನಾಗಿ ಉದ್ದವಾಗುತ್ತದೆ. ಮಡಿಸುತ್ತಾಳೆ, ಬೆರಳುಗಳ ನಡುವೆ ಬಿಡಿಸುತ್ತಾಳೆ, ಮತ್ತೆ ಎಳೆಯುತ್ತಾಳೆ. ಕಡೆಗೆ ಅವಳ ಎರಡು ಕೈಗಳ ನಡುವೆ ಒಂದು ಕೂದಲ ಜಡೆಯಷ್ಟು ಎಳೆಗಳು ತೂಗುತ್ತಿರುತ್ತವೆ. ನಮ್ಮಿಬ್ಬರ ಅನ್ನ ಇರುವುದು ಆ ಹತ್ತು ಬೆರಳುಗಳಲ್ಲಿ. ನಾನು ಸಾರು ಕುದಿಸುವವಳು, ಬಾಯಿ ಮಾಡುವವಳು ಅಷ್ಟೇ.

ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಅವಳು ನನಗೆಂದೇ ಒಂದು ಬಟ್ಟಲು ಮಾಡುತ್ತಾಳೆ. ಎಳೆ ಸ್ವಲ್ಪ ದಪ್ಪ, ನನಗೆ ಹಾಗೇ ಇಷ್ಟ. ಸಣ್ಣ ಉರಿಯಲ್ಲಿ ಬೆಂದು ಬೆಂದು ಬೆಳ್ಳಗಾದ ಮೂಳೆಯ ಸಾರು, ಮೇಲೆ ಸುಟ್ಟ ಈರುಳ್ಳಿ, ಹಸಿ ಸೊಪ್ಪು, ಒಂದು ಚಮಚ ಖಾರದ ಎಣ್ಣೆ. ಮುಖ ಬಗ್ಗಿಸಿದರೆ ಹಬೆಗೆ ಕನ್ನಡಕ ಮಂಜಾಗಿ ಏನೂ ಕಾಣುವುದಿಲ್ಲ, ಕಾಣಬೇಕೆಂದೂ ಅನಿಸುವುದಿಲ್ಲ. ಒಂದು ತುದಿ ಹುಡುಕಿ ಬಾಯಿಗಿಟ್ಟು ಸೊರ್ರೆಂದು ಎಳೆದುಕೊಂಡರೆ ಎಳೆ ಗಲ್ಲಕ್ಕೆ ಸಾರು ಸಿಡಿಸಿ ಒಳಬರುತ್ತದೆ, ಹಲ್ಲಿಗೆ ಸಿಕ್ಕಿ ಒಂದಿಷ್ಟು ಜಗ್ಗಾಡಿ ಆಮೇಲೆ ಸೋಲುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ನಾನು ಹೂಂ ಎಂದುಬಿಡುತ್ತೇನೆ. ಜ್ಯೂಸಿನವನು ನನ್ನ ಹತ್ತಿರ ಏನಾದರೂ ಕೇಳುವುದಿದ್ದರೆ ಸರಿಯಾಗಿ ಆಗಲೇ ಬರುತ್ತಾನೆ.

ಇನ್ನು ಆ ಮಹಾರಾಯನ ವಿಷಯ. ಗುಬ್ಬಿಯ ಗಂಡ ಇದೇ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ಸೊಂಟದಲ್ಲಿ ಕೀಲಿಗಳ ಗೊಂಚಲು, ಮುಖದಲ್ಲಿ ಸದಾ ನಗು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕಿಯರನ್ನು ಕೈಹಿಡಿದು ಇಳಿಸಿ ಅವರ ಚೀಲ ತಾನೇ ಹೊರುತ್ತಿದ್ದ. ಕಟ್ಟಡದಲ್ಲಿ ಯಾರನ್ನು ಕೇಳಿದರೂ ಚಿನ್ನದಂಥ ಹುಡುಗ ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಅವರ ಮನೆಗೆ ಫೋನ್ ಮಾಡಿದಾಗಲೆಲ್ಲ ಹಿಂದೆ ಟಿವಿ ಜೋರಾಗಿ ಕೂಗುತ್ತಿತ್ತು. ಅವರ ಪಕ್ಕದ ಮನೆಯಾಕೆಯೂ ಒಮ್ಮೆ ಸಿಕ್ಕಿದಾಗ, ನಿಮ್ಮ ತಂಗಿ ಮನೆಯಲ್ಲಿ ಯಾವಾಗಲೂ ಹಾಡೇ ಹಾಡು ಎಂದು ನಕ್ಕಿದ್ದಳು.

ಚಳಿ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಗುಬ್ಬಿ ಒಂದು ಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದಳು. ಒಂದು ಕಣ್ಣು ಬದನೆಕಾಯಿ ಬಣ್ಣಕ್ಕೆ ತಿರುಗಿ ಮುಚ್ಚಿಹೋಗಿತ್ತು. ಕೆಳತುಟಿ ಒಡೆದಿತ್ತು. ನಾನು ಏನೋ ಕೇಳಲು ಹೋದೆ, ಅವಳು ಬೇಡ ಎಂದು ತಲೆಯಾಡಿಸಿದಳು. ಮುಖ ತೊಳೆದು, ನನಗಿಂತ ಮೊದಲೇ ಅಂಗಡಿಗೆ ಹೋಗಿ ಹಿಟ್ಟಿಗೆ ಕೈಹಾಕಿದಳು. ಆ ದಿನ ಅವಳು ಬಡಿದ ಬಡಿತಕ್ಕೆ ಚಮಚಗಳ ಡಬ್ಬ ಜರುಗಿ ಜರುಗಿ ನೆಲಕ್ಕೇ ಬಿತ್ತು.

ಅವನು ಸಂಜೆ ಬಂದ. ಕೌಂಟರಿಗೆ ಮೊಣಕೈ ಊರಿ, ಯಾರಾದರೂ ನೋಡಿದರೆ ಹರಟೆ ಹೊಡೆಯುತ್ತಿದ್ದಾನೆ ಎನ್ನಬೇಕು ಹಾಗೆ ನಿಂತ.

"ಅತ್ತಿಗೆ, ಅವಳಿಗೆ ಇಷ್ಟು ಕೊಬ್ಬು ಎಲ್ಲಿಂದ ಬಂತು ಗೊತ್ತಾ? ಆ ಎರಡು ಕೈಯಿಂದ. ಎಲ್ಲಿ ಹೋದ್ರೂ ದುಡ್ಕೊಂಡು ತಿಂತೀನಿ ಅನ್ನೋ ಧೈರ್ಯ. ಆ ಕೈ ಮುರಿದು ಹಾಕ್ತೀನಿ. ಆಮೇಲೆ ಬಾಲ ಮುದುರ್ಕೊಂಡು ತಾನಾಗೇ ಮನೆಗೆ ಬರ್ತಾಳೆ, ನೋಡ್ತಿರಿ."

"ಮುಟ್ಟಿ ನೋಡು. ನಿನ್ನ ಇದೇ ಹಂಡೇಲಿ ಬೇಯಿಸ್ತೀನಿ."

"ಅಯ್ಯೋ, ನಿಮ್ಮ ಸಾರು ಕೆಟ್ಟೋಗುತ್ತೆ ಅತ್ತಿಗೆ" ಎಂದು ನಕ್ಕು ಎರಡು ಟಿಶ್ಯೂ ಎಳೆದುಕೊಂಡು ಹೋದ.

ಠಾಣೆಗೆ ಹೋಗಿ ಹೇಳಿದೆ. ಗಂಡ ಹೆಂಡಿರ ಜಗಳದಲ್ಲಿ ತಲೆ ಹಾಕಬೇಡಿ ಎಂದು ನನಗೇ ಬುದ್ಧಿ ಹೇಳಿ ಕಳಿಸಿದರು. ಮ್ಯಾನೇಜರಿಗೆ ಹೇಳಿದೆ. "ಟೋಕನ್ ತಗೊಂಡು ಊಟಕ್ಕೆ ಬರೋರನ್ನ ಬೇಡ ಅನ್ನೋಕಾಗುತ್ತಾ? ಅವನು ಏನಾದ್ರೂ ಮಾಡಿದ್ನಾ?" ಎಂದರು. ಮಾಡುವ ತನಕ ಕಾಯಿರಿ ಎಂದ ಹಾಗೆ. ನನ್ನ ಹೊಟ್ಟೆ ಉರಿದುಹೋಯಿತು. ಗುಬ್ಬಿ ಮಾತ್ರ ಹಿಂಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟು, ಅದು ಸರಿಯಾಗಿ ಕೂರುತ್ತದೆಯೇ ಎಂದು ದಿನಾ ಜಗ್ಗಿ ನೋಡುತ್ತಿದ್ದಳು. ಆ ಕಬ್ಬಿಣದ ಬಾಗಿಲು ತೆರೆದರೆ ಸಿಗುವುದು ಸಾಮಾನು ಸಾಗಿಸುವ ಓಣಿ. ಆ ಓಣಿಗೆ ಹೊರಗಿನಿಂದ ಬರುವ ಕೀಲಿ ಅವನ ಗೊಂಚಲಿನಲ್ಲಿತ್ತು.

ಆಮೇಲೆ ಅವನು ದಿನಾ ಮಧ್ಯಾಹ್ನ ಬಂದ. ಟೋಕನ್ ತೆಗೆದುಕೊಂಡು, ನಮ್ಮ ಕಿಂಡಿಗೆ ಎದುರಾದ ಮೇಜಿನಲ್ಲೇ ಕೂರುತ್ತಿದ್ದ. ಮತ್ತು ತಿನ್ನುತ್ತಿದ್ದ! ಇದನ್ನು ಹೇಳಲೇಬೇಕು, ಅಷ್ಟು ಚೆನ್ನಾಗಿ ನಮ್ಮ ನೂಡಲ್ಸ್ ತಿನ್ನುವವರನ್ನು ನಾನು ಬೇರೆ ನೋಡಿಲ್ಲ. ಮೊದಲು ಕಣ್ಣು ಮುಚ್ಚಿ ಹಬೆ ಕುಡಿಯುತ್ತಿದ್ದ. ಎಳೆ ಹರಿಯದ ಹಾಗೆ ಮೆಲ್ಲಗೆ ಎತ್ತಿ, ಊದಿ, ಒಂದೇ ಉಸಿರಿಗೆ ಎಳೆದುಕೊಳ್ಳುತ್ತಿದ್ದ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕಡೆಯ ಹನಿಯವರೆಗೆ ಸಾರು ಕುಡಿದು, "ಆಹಾ, ನನ್ನ ಹೆಂಡ್ತಿ ಕೈ!" ಎಂದು ಪಕ್ಕದವರಿಗೆ ಕೇಳುವಂತೆ ಹೇಳುತ್ತಿದ್ದ. ಟೀಚರಮ್ಮನಿಗೆ ಅವನನ್ನು ಕಂಡರೆ ಕರುಳು ಚುರುಕ್ ಎನ್ನುತ್ತಿತ್ತು. "ಪಾಪ, ಹೆಂಡತಿ ಮುನಿಸಿಕೊಂಡು ಹೋದ್ರೂ ಅವಳ ಕೈ ಅಡುಗೆ ತಿನ್ನೋಕೆ ಬರ್ತಾನಲ್ಲ, ಒಂದು ಮಾತು ಹೇಳಿ ಕಳಿಸ್ಬಾರ್ದಾ?" ಎಂದು ನನ್ನನ್ನು ಕೇಳಿದರು. ನಾನು ಅವರ ಬಟ್ಟಲಿಗೆ ಸಾರು ಸುರಿಯುತ್ತ ಹಲ್ಲು ಕಚ್ಚಿದೆ. ಕಿಂಡಿಯ ಆಚೆ ಗುಬ್ಬಿಯ ಕೈ ನಿಂತಿದ್ದು ನನಗೆ ಗೊತ್ತಾಯಿತು.

ಒಂದು ದಿನ ಅವನ ಮೇಜಿಗೆ ಬಟ್ಟಲು ತೆಗೆದುಕೊಂಡು ಹೋದವಳು ನಾನು. ಬಟ್ಟಲನ್ನು ಅವನ ಮುಂದಿಟ್ಟು ಕೈ ತೆಗೆಯುವಷ್ಟರಲ್ಲಿ ಅವನು ಅದನ್ನು ಒಂದು ಬೆರಳಿನಿಂದ ನನ್ನತ್ತ ತಳ್ಳಿದ. ಒಂದೇ ಬೆರಳು. ಕುದಿಯುವ ಸಾರು ನನ್ನ ಪಾದಗಳ ಮೇಲೆ ಬಿತ್ತು. ನಾನು ಕಿರುಚಿದ್ದು ಕೇಳಿ ಇಡೀ ಹಾಲ್ ತಿರುಗಿ ನೋಡಿತು. ಅವನು ಧಡಕ್ಕನೆ ಎದ್ದು, "ಅಯ್ಯೋ ಅತ್ತಿಗೆ, ಕೈ ಜಾರ್ತು, ನೀರು ತನ್ನಿ, ಯಾರಾದ್ರೂ ನೀರು ತನ್ನಿ" ಎಂದು ಒದ್ದಾಡಿದ. ನನ್ನ ಪಾದದ ಮೇಲೆ ತಾನೇ ನೀರು ಹಾಕುತ್ತ, ಬಗ್ಗಿ, ನನಗೆ ಮಾತ್ರ ಕೇಳುವಂತೆ ಅಂದ:

"ಇದು ನಿಮ್ಮ ಪಾಲು. ಅವಳ ಪಾಲು ಬಾಕಿ ಇದೆ."

ಚರ್ಮ ಕಿತ್ತುಬಂದು ನಾನು ಅಂಗಡಿಗೆ ಬರಲಾಗದೆ ಮಲಗಿದೆ. ಆ ದಿನಗಳಲ್ಲಿ ಗುಬ್ಬಿ ಒಬ್ಬಳೇ ಹಿಂದೆ ಮುಂದೆ ಓಡಾಡಿದಳು. ಅವನು ಆಗ ಒಮ್ಮೆಯೂ ಬರಲಿಲ್ಲ. ನಾನು ಕುಂಟುತ್ತ ಮತ್ತೆ ಬಂದು ಸೌಟು ಹಿಡಿದ ಮೇಲೆಯೇ, ನಾನು ಮುಂದೆ ಅವಳು ಹಿಂದೆ ಎಂದಾದ ಮೇಲೆಯೇ ಬಂದ.

ಅವತ್ತು ಹೊತ್ತೇರುತ್ತಿದ್ದಂತೆ ಜನ ಕಿಕ್ಕಿರಿದಿದ್ದರು. ಮೇಲಿನ ಆಫೀಸುಗಳಿಗೆಲ್ಲ ಒಟ್ಟಿಗೆ ಬಿಡುವಾದಂತಿತ್ತು. ಜ್ಯೂಸಿನವನ ಮಿಕ್ಸಿ ಅರಚುತ್ತಿತ್ತು. ಗುಬ್ಬಿಯ ಗಂಡನ ಮೇಜು ಖಾಲಿ ಇತ್ತು. ಶನಿ ಇವತ್ತು ತೊಲಗಿತು ಎಂದುಕೊಂಡು ನಾನು ಖುಷಿಯಲ್ಲೇ ಸೊಪ್ಪು ಹೆಚ್ಚುತ್ತಿದ್ದೆ.

ಒಳಗಿನಿಂದ ಧಬ್ ಎಂದು ಕೇಳಿತು. ಮತ್ತೆ ಧಬ್.

ಕುರ್ಚಿಗಳು ಸರಿದವು. ಮೊದಲು ಬಂದು ನಿಂತವನು ಜ್ಯೂಸಿನವನೇ, ಮಿಕ್ಸಿಯನ್ನು ಓಡಲು ಬಿಟ್ಟು ಬಂದಿದ್ದ. ಅವನ ಹಿಂದೆ ಟೀಚರಮ್ಮ, ಅವರ ಹಿಂದೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಆಫೀಸಿನವರ ಗುಂಪು. ಎಲ್ಲರ ಕೈಯಲ್ಲೂ ಟ್ರೇ. ಧಬ್, ಧಬ್.

"ಇವತ್ತು ನಿಮ್ಮ ತಂಗಿ ಭಾರಿ ಜೋರಲ್ಲಿದ್ದಾರೆ" ಎಂದ ಜ್ಯೂಸಿನವನು.

"ಗುಬ್ಬೀ, ಎರಡು ಖಾರ, ಒಂದು ಸಪ್ಪೆ!" ಎಂದು ಕಿಂಡಿಯತ್ತ ಕೂಗಿದೆ.

ಉತ್ತರ ಬರಲಿಲ್ಲ. ಬಡಿಯುವಾಗ ಅವಳು ಮಾತಾಡುವುದಿಲ್ಲ, ಅದೇನು ಹೊಸದಲ್ಲ. ನಾನು ಬಟ್ಟಲುಗಳನ್ನು ಸಾಲಾಗಿ ಜೋಡಿಸಿದೆ, ಈರುಳ್ಳಿ ಹಾಕಿದೆ, ಚಮಚಕ್ಕೆ ಕೈ ಚಾಚಿದೆ. ಧಬ್. ನನ್ನ ಕೈ ಡಬ್ಬದ ಮೇಲೆಯೇ ನಿಂತಿತು.

ಚಮಚಗಳು ಅಲುಗಲಿಲ್ಲ.

ಮತ್ತೊಮ್ಮೆ ಧಬ್ ಎಂದಿತು. ಚಮಚಗಳು ಸುಮ್ಮನೆ ನಿಂತಿದ್ದವು. ಸದ್ದು ಬರುತ್ತಿದೆ, ಕಲ್ಲು ಅಲುಗುತ್ತಿಲ್ಲ. ಬಡಿಯುತ್ತಿರುವುದು ಹಿಟ್ಟನ್ನಲ್ಲ.

ನಾನು ಗಿಡ್ಡ ಬಾಗಿಲಿನಿಂದ ಹೇಗೆ ನುಗ್ಗಿದೆನೋ ತಿಳಿಯದು, ಹಣೆ ಚೌಕಟ್ಟಿಗೆ ಬಡಿದು ರಕ್ತ ಬಂದದ್ದು ಕೂಡ ಆಮೇಲೆ ಗೊತ್ತಾದದ್ದು. ಒಳಗೆ ಅವನು ಗುಬ್ಬಿಯ ಜುಟ್ಟು ಹಿಡಿದು ಅವಳನ್ನು ಹಿಟ್ಟಿನ ಮೂಟೆಗಳಿಗೆ ಎತ್ತಿ ಎತ್ತಿ ಅಪ್ಪಳಿಸುತ್ತಿದ್ದ. ಅವಳ ಬಾಯಿಗೆ ನಾದಿದ ಹಿಟ್ಟನ್ನು ತುರುಕಿದ್ದ. ಅದು ತುಟಿಗಳಾಚೆ ಉಬ್ಬಿ ಬಂದಿತ್ತು. ಮೂಗಿನಿಂದ ಇಳಿದ ರಕ್ತ ಬಿಳಿ ಹಿಟ್ಟಿನ ಮೇಲೆ ಹರಿದಿತ್ತು. ತೊಳೆದ ನೀರು ಚೆಲ್ಲಲು ಅವಳು ಚಿಲಕ ತೆಗೆದಾಗ ಅವನು ಆಚೆ ಓಣಿಯಲ್ಲಿ ಕಾಯುತ್ತ ನಿಂತಿದ್ದನಂತೆ. ಬಕೆಟ್ಟು ಅಲ್ಲೇ ಉರುಳಿತ್ತು.

ನನ್ನನ್ನು ಕಂಡವನು ಅವಸರ ಮಾಡಿದ. ಅವಳನ್ನು ದರದರ ಎಳೆದು, ಬಲಗೈಯನ್ನು ಹಿಂಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಕಬ್ಬಿಣದ ಬಾಗಿಲನ್ನು ತನ್ನ ಮೈಭಾರವೆಲ್ಲ ಹಾಕಿ ಮುಚ್ಚಿದ.

ಆ ಸದ್ದನ್ನು ನಾನು ಬರೆಯಲಾರೆ. ಗುಬ್ಬಿಯ ಬಾಯಲ್ಲಿ ಹಿಟ್ಟಿತ್ತು, ಅವಳ ಕೂಗು ಹೊರಬರಲಿಲ್ಲ. ಕಣ್ಣು ಮಾತ್ರ ಅಗಲವಾಯಿತು.

ನನ್ನ ಕೈಯಲ್ಲಿ ಉದ್ದ ಹಿಡಿಯ ಸೌಟಿತ್ತು. ಅವನ ಕಿವಿಯ ಮೇಲೆ ಬೀಸಿದೆ. ಸೌಟು ಬಾಗಿತು. ಅವನು ತಿರುಗಿ ನನ್ನ ಎದೆಗೆ ಗುದ್ದಿದ ರಭಸಕ್ಕೆ ನಾನು ಕಲ್ಲಿಗೆ ಬೆನ್ನು ತಾಗಿಸಿಕೊಂಡು ಕುಸಿದೆ. ಕುತ್ತಿಗೆಗೆ ಕೈಹಾಕಿ ಎತ್ತಿ ನನ್ನನ್ನು ಆ ಕಲ್ಲಿನ ಮೇಲೆಯೇ ಅಂಗಾತ ಒತ್ತಿದ. "ನಿಂಗ್ ಸಾಲ್ದಾ? ಸಾಲ್ದಾ ನಿಂಗೆ?" ಎನ್ನುತ್ತಿದ್ದ. ಅವನ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ನನ್ನ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿಯತೊಡಗಿದವು.

ಗುಬ್ಬಿ ಎಡಗೈಯಲ್ಲಿ ಬಾಗಿಲನ್ನು ನೂಕಿ ತನ್ನ ಕೈಯನ್ನು ತಾನೇ ಬಿಡಿಸಿಕೊಂಡಳು. ಹಸಿಬಟ್ಟೆಯ ಕೆಳಗೆ ಮಲಗಿಸಿಟ್ಟಿದ್ದ ಹಿಟ್ಟಿನ ಮುದ್ದೆಯನ್ನು, ಇಡೀ ಮಧ್ಯಾಹ್ನಕ್ಕೆಂದು ನಾದಿಟ್ಟಿದ್ದ ಮುದ್ದೆಯನ್ನು, ಒಂದೇ ಕೈಯಲ್ಲಿ ಹೆಗಲಿಗೆ ಒರಗಿಸಿ ಎತ್ತಿ ಹಿಂದಿನಿಂದ ಅವನ ತಲೆಯ ಮೇಲೆ ಹೊದಿಸಿದಳು. ಹಿಟ್ಟು ಅವನ ಕಣ್ಣು ಮೂಗು ಮುಚ್ಚಿ ಗಲ್ಲದ ಕೆಳಗೆ ಇಳಿಯಿತು. ಅವಳು ಅದರ ತುದಿ ಹಿಡಿದು ಹಿಂದಕ್ಕೆ ಜಗ್ಗಿದಳು. ಆ ಹಿಟ್ಟು ಅಷ್ಟು ಸುಲಭಕ್ಕೆ ಹರಿಯುವುದಲ್ಲ, ಅವಳು ನಾದಿದ್ದು. ಅವನು ಎರಡೂ ಕೈಯಲ್ಲಿ ಮುಖ ಕೆರೆಯುತ್ತ ಹಿಂದೆ ಸರಿದ, ಚೆಲ್ಲಿದ ನೀರಿನ ಮೇಲೆ ಕಾಲಿಟ್ಟ, ಜಾರಿದ. ಎಣ್ಣೆ ಡ್ರಮ್ಮಿನ ಅಂಚಿಗೆ ಅವನ ಹೆಗಲು ಬಡಿದು ಏನೋ ಮುರಿಯಿತು.

ಅಲ್ಲಿಗೆ ಮುಗಿಯಬಹುದಿತ್ತು. ಅವನು ಬಿದ್ದಿದ್ದ, ಏಳುವಂತಿರಲಿಲ್ಲ. ಆದರೆ ನಾನು ಮುಗಿಸಲಿಲ್ಲ. ಮೂಲೆಯಲ್ಲಿದ್ದ ದಪ್ಪ ಲಟ್ಟಣಿಗೆಯನ್ನು ಎತ್ತಿಕೊಂಡೆ. ಮೊದಲು ಕಾಲಿಗೆ ಹೊಡೆದೆ. ಸೊಂಟಕ್ಕೆ ಹೊಡೆದೆ. ಕೀಲಿಗಳ ಗೊಂಚಲು ಚದುರಿ ಹಾರಿತು. ನನ್ನ ಸುಟ್ಟ ಪಾದದ ಚರ್ಮ ಬಿರಿದು ಒದ್ದೆಯಾಯಿತು, ಅದಕ್ಕೂ ಸೇರಿಸಿ ಹೊಡೆದೆ. ನಾನು ಸುಳ್ಳು ಹೇಳುವುದಿಲ್ಲ, ಹಿತವಾಗಿತ್ತು. ಹಸಿದು ಬಂದವಳಿಗೆ ಮೊದಲ ತುತ್ತು ಸಿಕ್ಕಿದ ಹಾಗೆ.

ಅವನು ಬಾಯಿಯ ಮೇಲಿನ ಹಿಟ್ಟನ್ನು ಕಿತ್ತು, "ಸಾಯಿಸ್ತಿದಾಳೆ! ಯಾರಾದ್ರೂ ಬನ್ರೋ!" ಎಂದು ಅರಚಿದ.

ಮಿಕ್ಸಿ ಇನ್ನೂ ಓಡುತ್ತಿತ್ತು, ಅವನ ಕೂಗು ಅದರಲ್ಲಿ ಮುಳುಗಿತು. ಕಿಂಡಿಯ ಆಚೆಯಿಂದ ಟೀಚರಮ್ಮನ ದನಿ ಬಂತು. "ಅಕ್ಕಾ, ನಂದು ಖಾರ ಕಮ್ಮಿ ಇರ್ಲಿ. ಇನ್ನೂ ಎಷ್ಟೊತ್ತು?"

"ಆಯ್ತಮ್ಮ, ಇನ್ನೇನು ಬಂದೇಬಿಡ್ತು" ಎಂದೆ.

ನನ್ನ ದನಿ ದಿನದ ಹಾಗೇ ಇತ್ತು. ಅದು ನನಗೇ ಆಶ್ಚರ್ಯ. ಅವನ ಬಾಯಿಗೆ ಒಂದು ಹಿಡಿ ಹಿಟ್ಟು ತುರುಕಿದೆ, ಅವನು ಗುಬ್ಬಿಗೆ ತುರುಕಿದ ಹಾಗೆಯೇ, ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ. ಆಮೇಲೆ ಯಾರಿಗೂ ಸಂಶಯ ಬರಬಾರದಲ್ಲ ಎಂದು ನೆಲದ ಮೇಲಿನ ಹಿಟ್ಟಿನ ಒಂದು ತುಂಡನ್ನು ಎತ್ತಿ ಕಲ್ಲಿನ ಮೇಲೆ ಅಪ್ಪಳಿಸಿದೆ. ಧಬ್, ಝಲ್. ಆಚೆ ಚಮಚಗಳು ಕುಣಿದವು. ಸಾಲಿನಲ್ಲಿ ಯಾರೋ ಸಮಾಧಾನದಿಂದ ನಕ್ಕದ್ದು ಕೇಳಿಸಿತು. ಒಮ್ಮೆ ಕಲ್ಲಿಗೆ, ಒಮ್ಮೆ ಅವನಿಗೆ. ಮತ್ತೆ ಕಲ್ಲಿಗೆ, ಮತ್ತೆ ಅವನಿಗೆ. ಅವನ ತಲೆಗೆ ಒಂದು ಹಾಕಿದರೆ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಎತ್ತಿದೆ.

"ಅಕ್ಕಾ."

ಗುಬ್ಬಿ ಮೂಟೆಗೆ ಒರಗಿ ಕೂತಿದ್ದಳು. ಬಾಯಿಯ ಹಿಟ್ಟನ್ನು ಉಗಿದಿದ್ದಳು. ಮುರಿದ ಕೈಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡಿದ್ದಳು. ಅವನನ್ನಲ್ಲ, ನನ್ನನ್ನು ನೋಡುತ್ತಿದ್ದಳು.

"ಇವನೂ ಹಿಂಗೇ ಅಕ್ಕ. ಶುರು ಮಾಡೋಕೆ ಮುಂಚೆ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದ."

ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಫೋನಿನಲ್ಲಿ ಕೇಳಿದ ಹಾಡುಗಳು, ಪಕ್ಕದ ಮನೆಯಾಕೆಯ ನಗು, ಎಲ್ಲ ಒಟ್ಟಿಗೆ ನನ್ನ ಕಿವಿಗೆ ಬಂದವು. ನೆಲದ ಮೇಲೆ ಅವನು ಮೂಗಿನಿಂದ ಗುಳ್ಳೆ ಬಿಡುತ್ತ ಉಸಿರಿಗೆ ಒದ್ದಾಡುತ್ತಿದ್ದ. ಆಚೆ ಜನ ಟ್ರೇ ಹಿಡಿದು ನಿಂತಿದ್ದರು.

ಬಗ್ಗಿ ಅವನ ಬಾಯಿಗೆ ಬೆರಳು ಹಾಕಿ ಹಿಟ್ಟು ತೆಗೆದೆ. ಅವನು ಉಸಿರೆಳೆದುಕೊಂಡ. ಆಮೇಲೆ ಲಟ್ಟಣಿಗೆಯನ್ನು ತಿರುಗಿ ಪ್ಲೈವುಡ್ಡಿಗೆ ಬೀಸಿದೆ. ಬೀಸಿದೆ, ಒದ್ದೆ, ಭುಜ ಕೊಟ್ಟು ನೂಕಿದೆ. ಮೊಳೆಗಳು ಕಿರ್ರೆಂದು ಕಿತ್ತು ಬಂದವು. ಗೋಡೆ ಸಾರಿನ ಹಂಡೆಯ ಮಗ್ಗುಲಿಗೆ ವಾಲಿ ಬಿತ್ತು.

ಆಚೆ ಅಷ್ಟೂ ಜನ ನಿಂತಿದ್ದರು. ಮುಂದೆ ಜ್ಯೂಸಿನವನು, ಬಾಯಿ ತೆರೆದು. ಅವರು ನೋಡಿದರು: ಹಿಟ್ಟು ಮೆತ್ತಿದ ಗಂಡಸು ನೆಲದ ಮೇಲೆ, ರಕ್ತ ಮೆತ್ತಿದ ಹೆಂಗಸು ಮೂಟೆಯ ಮುಂದೆ, ಲಟ್ಟಣಿಗೆ ಹಿಡಿದ ನಾನು. ಟೀಚರಮ್ಮ ಗುಬ್ಬಿಯ ಕೈ ನೋಡಿದರು, ಆಮೇಲೆ ಬಾಗಿಲ ಚೌಕಟ್ಟು ನೋಡಿದರು. ಟ್ರೇಯನ್ನು ನೆಲಕ್ಕಿಟ್ಟು, ಕ್ಲಾಸಿನಲ್ಲಿ ಗದರುವ ದನಿಯಲ್ಲಿ, "ಆ ಹಾಳಾದ ಮಿಕ್ಸಿ ಆಫ್ ಮಾಡ್ರೋ ಯಾರಾದ್ರೂ!" ಎಂದರು. ಅಳುತ್ತಿದ್ದರು.

ಅವನನ್ನು ಸ್ಟ್ರೆಚರಿನಲ್ಲಿ ಅವನೇ ರಿಪೇರಿ ಮಾಡಿದ ಲಿಫ್ಟಿನಲ್ಲಿ ಇಳಿಸಿದರು. ಲಿಫ್ಟು ಚೆನ್ನಾಗಿಯೇ ಕೆಲಸ ಮಾಡಿತು. ಈಗ ಅವನ ಮೇಲೆ ಕೇಸಿದೆ, ಒಳಗಿದ್ದಾನೆ. ನನ್ನ ಮೇಲೂ ಒಂದು ಕೇಸಿದೆ. ಬಿದ್ದ ಮೇಲೂ ಯಾಕೆ ಹೊಡೆದಿರಿ ಎಂದು ಕೇಳಿದ್ದಕ್ಕೆ, ಕೈ ನಿಲ್ಲಲಿಲ್ಲ ಎಂದು ಬರೆಸಿದೆ. ವಕೀಲರು ತಲೆ ಚಚ್ಚಿಕೊಂಡರು. ಅದರಲ್ಲಿ ಏನು ಬರುತ್ತದೋ ಬರಲಿ.

ಗುಬ್ಬಿಯ ಕೈಗೆ ಪಟ್ಟಿ ಹಾಕಿ ಕಳಿಸಿದ ಡಾಕ್ಟರು, ಕಿರುಬೆರಳು ಮತ್ತು ಅದರ ಪಕ್ಕದ್ದು ಮೊದಲಿನಂತೆ ಮಡಚುವುದಿಲ್ಲ ಎಂದರು. ಅವಳು ಹೂಂ ಎಂದಳು, ಅಷ್ಟೇ. ಅಂಗಡಿಯಲ್ಲಿ ನಾನು ಬರೀ ಸಾರು ಮಾರಿದೆ. ನೂಡಲ್ಸ್ ಇಲ್ಲದ ಸಾರಿಗೆ ಯಾರು ಬರುತ್ತಾರೆ? ಟೀಚರಮ್ಮ ಬಂದು, ಕಡ್ಡಾಯದ ಹಾಗೆ ಎರಡು ಬಟ್ಟಲು ಕುಡಿದು ಹೋಗುತ್ತಿದ್ದರು. ಒಂದು ದಿನ ನಾನೇ ಪ್ರಯತ್ನ ಮಾಡಿ ನೋಡೋಣವೆಂದು ಹಿಟ್ಟು ನಾದಿ ಕಲ್ಲಿಗೆ ಬಡಿದೆ. ಧಬ್ ಎನ್ನುತ್ತಲೂ ಸ್ಟೂಲಿನ ಮೇಲೆ ಕೂತಿದ್ದ ಗುಬ್ಬಿ ಎದ್ದು ಮೂಟೆಗಳ ಹಿಂದೆ ಹೋಗಿ ತಲೆಯ ಮೇಲೆ ಕೈ ಇಟ್ಟು ಮುದುಡಿ ಕೂತಳು. ಒಂದು ಕೈ ಪಟ್ಟಿಯದ್ದು. ನಾನು ಹತ್ತಿರ ಹೋದರೆ ಇನ್ನೂ ಮುದುಡಿದಳು. ಅವಳು ಹೆದರಿದ್ದು ಸದ್ದಿಗಲ್ಲ, ನನಗೆ. ಆ ದಿನ ನನ್ನ ಮುಖ ಹೇಗಿತ್ತು ಎನ್ನುವುದನ್ನು ನೋಡಿದವಳು ಅವಳೊಬ್ಬಳೇ. ಹಿಟ್ಟನ್ನು ತಿಪ್ಪೆಗೆ ಹಾಕಿದೆ. ಆಮೇಲೆ ಮನೆಯಲ್ಲಿ ಬಾಗಿಲು ಹಾಕುವಾಗಲೂ ಕೈ ಕೊಟ್ಟು ಮೆಲ್ಲಗೆ ಹಾಕುವುದನ್ನು ಕಲಿತೆ.

ಪಟ್ಟಿ ಬಿಚ್ಚಿ ಎಷ್ಟೋ ದಿನಗಳ ಮೇಲೆ ಅವಳು ತಾನಾಗಿ ಹಿಟ್ಟು ನಾದಿದಳು. ಒಂದು ತುಂಡು ತೆಗೆದು ಎಳೆದು ನೋಡಿದಳು. ಎರಡು ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು, ಉಳಿದವು ಅವುಗಳ ಕೆಲಸವನ್ನೂ ಮಾಡಿದವು. ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆದರೆ ಹರಿಯಲಿಲ್ಲ. ಮತ್ತೆ ಮಡಿಸಿದಳು, ಮತ್ತೆ ಎಳೆದಳು.

"ಎಳೆಯೋಕಾಗುತ್ತೆ, ಎತ್ತಿ ಬಡಿಯೋಕಾಗ್ತಿಲ್ಲ" ಎಂದಳು. "ನೀನು ಬಡಿ."

"ಬೇಡ ಗುಬ್ಬಿ. ಸುಮ್ನೆ ಜಾಸ್ತಿ ಹೊತ್ತು ನೆನೆಸ್ಬಿಡೋಣ."

"ಬಡೀದೇ ಇದ್ರೆ ಅದು ನೂಡಲ್ಸಾ? ಅಪ್ಪ ಬೈತಿದ್ದ. ಬಡಿ ಅಕ್ಕ."

ಗೋಡೆಯನ್ನು ನಾವು ಮತ್ತೆ ಕಟ್ಟಿಸಿರಲಿಲ್ಲ. ಮ್ಯಾನೇಜರ್ ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲು ಬಂದಾಗ ಜ್ಯೂಸಿನವನೇ, ಧೂಳು ಬಂದರೆ ಬರಲಿ ಬಿಡಿ ಸರ್, ಗ್ಲಾಸು ಎರಡು ಸಲ ತೊಳೀತೀನಿ ಎಂದ. ಹಾಗಾಗಿ ಅವತ್ತು ಎಲ್ಲವೂ ಎಲ್ಲರಿಗೂ ಕಾಣುತ್ತಿತ್ತು. ಗುಬ್ಬಿ ಕಲ್ಲಿನ ಆಚೆ ತುದಿಗೆ ಹೋಗಿ ನಿಂತಳು. ಮುರಿದು ಕೂಡಿದ ಬಲಗೈಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಮುಖ ಬಿಳಿಚಿಕೊಂಡಿತ್ತು.

ನಾನು ಹಿಟ್ಟೆತ್ತಿ ಬಡಿದೆ. ಧಬ್, ಝಲ್. ಹಾಲ್ ತುಂಬ ತಲೆಗಳು ತಿರುಗಿದವು. ಯಾರೂ ಏಳಲಿಲ್ಲ. ಟೀಚರಮ್ಮ, ಜ್ಯೂಸಿನವನು, ಆಫೀಸಿನವರು, ಎಲ್ಲರೂ ಕತ್ತು ಚಾಚಿ ಮೊದಲು ಗುಬ್ಬಿಯನ್ನು ನೋಡಿದರು. ಅವಳು ಅವರತ್ತ ಒಮ್ಮೆ ತಲೆಯಾಡಿಸಿದಳು. ಆಮೇಲೆ ಕುರ್ಚಿಗಳು ಸರಿದವು, ಒಬ್ಬೊಬ್ಬರೇ ಟ್ರೇ ಹಿಡಿದು ಬಂದು ಸಾಲು ನಿಂತರು.

"ಇನ್ನೂ ಸ್ವಲ್ಪ ಜೋರಾಗಿ" ಎಂದಳು ಗುಬ್ಬಿ.

ನಾನು ಇನ್ನೂ ಜೋರಾಗಿ ಬಡಿದೆ. ಚಮಚಗಳು ಕುಣಿದವು. ಅವಳ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು. ಕಲ್ಲಿನ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ.